ಪದಕದ ಅಂಚನ್ನು ಮೊದಲು ನೋಡಿ: ವಿಶ್ವ ಮೇಳಗಳ ಸ್ಮರಣ ಬಿಲ್ಲೆಗಳ ಕುರಿತು ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಧಾರವಾಡದವನು, ನಿವೃತ್ತ ಶಿಕ್ಷಕ. ಹಳೆಯ ನಾಣ್ಯಗಳನ್ನು ಕೂಡಿಡುವ ಹವ್ಯಾಸವಿದೆ. ಇತ್ತೀಚೆಗೆ ಹಳೆಯ ಮನೆಯೊಂದರ ಸಾಮಾನು ಮಾರಾಟಕ್ಕೆ ಬಂದಾಗ ಮೂರು ವಸ್ತುಗಳನ್ನು ಕೊಂಡೆ. ಮೊದಲನೆಯದು ಗಾಜಿನ ಅರಮನೆಯ ಚಿತ್ರವಿರುವ, ಮೇಲ್ಭಾಗದಲ್ಲಿ ತೂತು ಕೊರೆದ ಬಿಳಿ ಲೋಹದ ಬಿಲ್ಲೆ. ಹಿಂದೆ 1851ರ ಉಲ್ಲೇಖವಿದೆ. ಎರಡನೆಯದು ಅಂಡಾಕಾರಕ್ಕೆ ಎಳೆದಂತಿರುವ ತಾಮ್ರದ ನಾಣ್ಯ. ಅದರ ಮೇಲೆ 1893ರ ಕೊಲಂಬಿಯನ್ ಎಕ್ಸ್‌ಪೊಸಿಷನ್ ಹೆಸರಿದೆ. ಮೂರನೆಯದು ಪ್ಯಾರಿಸ್ 1900 ಎಂದಿರುವ ದೊಡ್ಡ ಕಂದು ಪದಕ. ಇವು ಅಸಲಿಯೇ? ಬೆಳಗಬಹುದೇ? ಇಂಥವನ್ನೇ ಸಂಗ್ರಹಿಸಬೇಕೆಂಬ ಆಸೆ ಹುಟ್ಟಿದೆ, ಎಲ್ಲಿಂದ ಶುರು ಮಾಡಲಿ? ಪ್ಯಾರಿಸ್ ಪದಕವನ್ನು ಅಮೆರಿಕಕ್ಕೆ ಕಳಿಸಿದರೆ ಒಳ್ಳೆಯ ಬೆಲೆ ಬರುತ್ತದೆ ಎಂದು ಅಲ್ಲಿರುವ ಮಗ ಹೇಳುತ್ತಾನೆ. ಕಳಿಸಬಹುದೇ? ಫೋಟೊಗಳನ್ನು ಲಗತ್ತಿಸಿದ್ದೇನೆ.

ಉತ್ತರ: ಬೆಳಗುವ ವಿಚಾರವನ್ನೇ ಮೊದಲು ಹೇಳಿಬಿಡುತ್ತೇನೆ. ಬೇರೆ ಯಾವ ತಪ್ಪನ್ನಾದರೂ ಆಮೇಲೆ ತಿದ್ದಿಕೊಳ್ಳಬಹುದು, ಇದೊಂದನ್ನು ತಿದ್ದಲಾಗದು. ಹುಣಸೆಹುಳಿ, ನಿಂಬೆರಸ, ಪಾತ್ರೆ ಬೆಳಗುವ ಪುಡಿ, ಹಲ್ಲುಜ್ಜುವ ಪೇಸ್ಟ್ ಯಾವುದನ್ನೂ ಈ ಮೂರರ ಹತ್ತಿರ ತರಬೇಡಿ. ಹಬ್ಬ ಬಂತೆಂದರೆ ನಮ್ಮ ಮನೆಗಳಲ್ಲಿ ತಾಮ್ರ, ಹಿತ್ತಾಳೆಯೆಲ್ಲ ಫಳಫಳ ಹೊಳೆಯಲೇಬೇಕು. ದೇವರ ಮನೆಗೆ ಆ ಪದ್ಧತಿ ಸರಿ, ಪದಕಗಳಿಗೆ ಅದು ಮಾರಕ. ನಿಮ್ಮ ಪ್ಯಾರಿಸ್ ಪದಕದ ಕಂದು ಬಣ್ಣ ಕೊಳೆಯಲ್ಲ. ಹತ್ತೊಂಬತ್ತನೆಯ ಶತಮಾನದ ಟಂಕಸಾಲೆಗಳು ಪದಕವನ್ನು ಅಚ್ಚೊತ್ತಿದ ಮೇಲೆ ಅದಕ್ಕೆ ರಾಸಾಯನಿಕ ಉಪಚಾರ ಕೊಟ್ಟು ಆ ಮೈಬಣ್ಣವನ್ನು ಬೇಕೆಂದೇ ತರಿಸುತ್ತಿದ್ದವು. ಕಂಚಿನವು ಎಂದು ಕರೆಸಿಕೊಳ್ಳುವ ಎಷ್ಟೋ ಪದಕಗಳ ಒಡಲು ನಿಜವಾಗಿ ತಾಮ್ರ. ಮೇಲಿನ ಕಂದು ಲೇಪದಿಂದ ಅವಕ್ಕೆ ಕಂಚಿನ ಹೆಸರು ಬಂದಿದೆ. ಉಬ್ಬುಗಳ ಮೇಲೆ ಬೆಳಕು ಹೇಗೆ ಬೀಳಬೇಕು, ತಗ್ಗುಗಳಲ್ಲಿ ನೆರಳು ಎಷ್ಟು ಗಾಢವಾಗಿ ನಿಲ್ಲಬೇಕು ಎಂಬುದನ್ನೆಲ್ಲ ಆ ಬಣ್ಣವನ್ನು ಲೆಕ್ಕಕ್ಕೆ ಹಿಡಿದೇ ಕಲಾವಿದ ಯೋಚಿಸಿರುತ್ತಾನೆ. ಒಂದು ಸಂಜೆ ಕೂತು ಉಜ್ಜಿದರೆ ಆ ಕೆಲಸ ಅಳಿಸಿಹೋಗುತ್ತದೆ, ಅದರ ಜೊತೆಗೆ ಬೆಲೆಯ ಬಹುಪಾಲೂ ಹೋಗುತ್ತದೆ.

ಈಗ ಬಿಳಿ ಬಿಲ್ಲೆ. ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಕಟ್ಟಡದ ಎರಡು ತುದಿಗಳಲ್ಲೂ ಒಂದೊಂದು ಎತ್ತರದ ಗೋಪುರ ಸ್ಪಷ್ಟವಾಗಿ ಕಾಣುತ್ತದೆ. ಇದರ ಕಾಲವನ್ನು ನಿರ್ಧರಿಸಲು ಆ ಗೋಪುರಗಳು ಸಾಕು.

ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1851ರ ಮೇ 1ರಿಂದ ಅಕ್ಟೋಬರ್ 15ರವರೆಗೆ ನಡೆದ, ದೇಶ ದೇಶಗಳ ಕೈಗಾರಿಕೆ ಮತ್ತು ಕಲೆಗಳನ್ನು ಒಂದೆಡೆ ತೋರಿಸಿದ ವಿಶ್ವ ಮೇಳವಾದ ಮಹಾ ಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ ಮತ್ತು ಗಾಜಿನ ಆ ಅರಮನೆಯನ್ನು ವಿನ್ಯಾಸಗೊಳಿಸಿದರು. ಸುಮಾರು 60 ಲಕ್ಷ ಜನ ಅದನ್ನು ನೋಡಿದರು. ಆ ಮೂಲ ಕಟ್ಟಡ ಮೆಟ್ಟಿಲು ಮೆಟ್ಟಿಲಾಗಿ ಏರುವ ಚಪ್ಪಟೆ ಮಾಡಿನದು. ನಡುವೆ ಮಾತ್ರ ಅಡ್ಡಲಾಗಿ ಒಂದು ಕಮಾನು ಮಾಡು. ಅದು 108 ಅಡಿ ಎತ್ತರಕ್ಕೆ ಏರಿತು, ಏಕೆಂದರೆ ಅಲ್ಲಿದ್ದ ದೊಡ್ಡ ಎಲ್ಮ್ ಮರಗಳನ್ನು ಕಡಿಯದೆ ಕಟ್ಟಡದ ಒಳಗೇ ಉಳಿಸಿಕೊಳ್ಳಬೇಕಾಗಿತ್ತು. ಅಲ್ಲಿ ಗೋಪುರಗಳಿರಲಿಲ್ಲ. ಪ್ರದರ್ಶನ ಮುಗಿದ ಮೇಲೆ ಇಡೀ ಕಟ್ಟಡವನ್ನು ಬಿಚ್ಚಿ ದಕ್ಷಿಣ ಲಂಡನ್ನಿನ ಸಿಡೆನ್‌ಹ್ಯಾಮ್‌ಗೆ ಸಾಗಿಸಿ, ಇನ್ನೂ ದೊಡ್ಡದಾಗಿ, ಉದ್ದಕ್ಕೂ ಕಮಾನು ಮಾಡು ಹೊದಿಸಿ ಮತ್ತೆ ಕಟ್ಟಿದರು. 1854ರ ಜೂನ್‌ನಲ್ಲಿ ಅದು ತೆರೆಯಿತು. ಅಲ್ಲಿನ ಕಾರಂಜಿಗಳಿಗೆ ನೀರಿನ ಒತ್ತಡ ಒದಗಿಸಲು ಎಂಜಿನಿಯರ್ ಬ್ರೂನೆಲ್ ಎರಡು ತುದಿಗಳಲ್ಲಿ ನೀರಿನ ಗೋಪುರಗಳನ್ನು ಕಟ್ಟಿಸಿದರು. ಅವು ಮುಗಿದದ್ದು 1856ರಲ್ಲಿ.

ಅಂದಮೇಲೆ ನಿಮ್ಮ ಬಿಲ್ಲೆ 1851ರದ್ದಲ್ಲ. ಅದು ಸಿಡೆನ್‌ಹ್ಯಾಮ್ ಅರಮನೆಯ ಸ್ಮರಣಿಕೆ. 1851ರ ಉಲ್ಲೇಖ ಹಿಂದೆ ಇರುವುದು ಕಟ್ಟಡದ ಮೂಲವನ್ನು ಹೇಳುವುದಕ್ಕೆ. ಬೇಸರಪಡಬೇಡಿ, ಇದು ನಕಲಿಯಲ್ಲ. ಮಾರಿದವರು ಮೋಸ ಮಾಡಿದರೆಂದೂ ನಾನು ಹೇಳುವುದಿಲ್ಲ, ಈ ಎರಡನ್ನು ಒಂದೇ ಎಂದು ತಿಳಿಯುವವರು ಬಹಳ. 1936ರ ನವೆಂಬರ್ 30ರ ರಾತ್ರಿ ಬೆಂಕಿಗೆ ಆಹುತಿಯಾಗುವವರೆಗೂ ಆ ಅರಮನೆಗೆ ಜನ ಹೋಗಿಬರುತ್ತಲೇ ಇದ್ದರು, ಬಿಲ್ಲೆಗಳನ್ನು ಕೊಳ್ಳುತ್ತಲೇ ಇದ್ದರು. ಮುಂದೆ ನೀವು ನಿಜವಾದ 1851ರ ಬಿಲ್ಲೆ ಹುಡುಕುವಾಗ ಒಂಟಿ ಕಮಾನು, ಮೆಟ್ಟಿಲು ಮಾಡು, ಗೋಪುರವಿಲ್ಲದ ತುದಿಗಳು ಇವನ್ನು ನೋಡಿಕೊಳ್ಳಿ. ಅವುಗಳಲ್ಲಿ ಹಲವು ಬಿಲ್ಲೆಗಳ ಹಿಂಬದಿಯ ತುಂಬ ಸಣ್ಣಕ್ಷರದಲ್ಲಿ ಕಟ್ಟಡದ ಉದ್ದ, ಅಗಲ, ಎತ್ತರದ ಅಂಕಿಗಳಿರುತ್ತವೆ. ಉದ್ದ 1,848 ಅಡಿ. ವರ್ಷಕ್ಕೆ ಹೊಂದುವಂತೆ 1,851 ಅಡಿ ಎಂದು ಬರೆದ ಬರಹಗಳೂ ಆಗ ಪ್ರಚಾರದಲ್ಲಿದ್ದವು. ಆ ಜನಕ್ಕೆ ಅಂಕಿಗಳೆಂದರೆ ಎಷ್ಟು ಹೆಮ್ಮೆ ಎಂಬುದು ಆ ಬಿಲ್ಲೆಗಳನ್ನು ಓದಿದಾಗಲೇ ನನಗೆ ಅರ್ಥವಾಯಿತು.

ಬಿಳಿ ಲೋಹವೆಂದರೆ ಬೆಳ್ಳಿಯಲ್ಲ. ಹೆಚ್ಚಿನ ಪಾಲು ತವರ, ಅದಕ್ಕೆ ಆಂಟಿಮನಿಯಂಥ ಲೋಹ ಬೆರೆಸಿದ ಮಿಶ್ರಣ. ಹೊಸದಾಗಿದ್ದಾಗ ಬೆಳ್ಳಿಯಂತೆ ಹೊಳೆಯುತ್ತದೆ, ಅಗ್ಗ, ಅಚ್ಚಿಗೆ ಸುಲಭವಾಗಿ ಒಗ್ಗುತ್ತದೆ. ಬರ್ಮಿಂಗ್‌ಹ್ಯಾಮಿನ ಅಲೆನ್ ಅಂಡ್ ಮೂರ್‌ನಂಥ ತಯಾರಕರು ಇಂಥ ಬಿಲ್ಲೆಗಳನ್ನು ಹೇರಳವಾಗಿ ಹೊರತಂದರು. ಲೋಹ ಮೆತ್ತಗಿರುವುದರಿಂದ ಅಂಚು ಜಜ್ಜಿಹೋಗುವುದು, ಮುಖದ ಮೇಲೆ ಗೀರು ಬೀಳುವುದು ಸಾಮಾನ್ಯ. ಇನ್ನು ಮೇಲಿನ ತೂತು: ಯಾರೋ ಅದಕ್ಕೆ ರಿಬ್ಬನ್ ಪೋಣಿಸಿ ಮಗುವಿನ ಅಂಗಿಗೋ ಕೊರಳಿಗೋ ಕಟ್ಟಿದ್ದರು. ಮಾರುಕಟ್ಟೆ ಇದಕ್ಕೆ ಬೆಲೆ ಕಡಿಮೆ ಮಾಡುತ್ತದೆ. ನನ್ನ ಕಣ್ಣಿಗೆ ತೂತಿರುವ ಬಿಲ್ಲೆ ತೂತಿಲ್ಲದ ಬಿಲ್ಲೆಗಿಂತ ಹೆಚ್ಚು ಮಾತಾಡುತ್ತದೆ, ಏಕೆಂದರೆ ಅದನ್ನು ಯಾರೋ ಧರಿಸಿಕೊಂಡು ಓಡಾಡಿದ್ದಾರೆ. ನಾಣ್ಯಕ್ಕೆ ತೂತು ಕೊರೆದರೆ ಹಾನಿ. ಸ್ಮರಣಿಕೆಗೆ ಅದು ಬಳಕೆಯ ಗುರುತು.

1851ರ ಅಧಿಕೃತ ಪದಕಗಳ ಕಥೆಯೇ ಬೇರೆ. ಚಿನ್ನ, ಬೆಳ್ಳಿ, ಕಂಚು ಎಂಬ ಶ್ರೇಣಿಯನ್ನು ಆಯೋಜಕರು ಬೇಡವೆಂದರು, ಎಲ್ಲವನ್ನೂ ಕಂಚಿನಲ್ಲೇ ಮಾಡಿಸಿದರು. ಅತಿ ಹಿರಿಯದಾದ ಕೌನ್ಸಿಲ್ ಪದಕ ಸಿಕ್ಕಿದ್ದು ಸುಮಾರು 170 ಮಂದಿಗೆ. ಬಹುಮಾನ ಪದಕ ಸುಮಾರು 2,900 ಮಂದಿಗೆ. ಪ್ರದರ್ಶಕರ ಚಿಕ್ಕ ಪದಕ ಭಾಗವಹಿಸಿದ ಎಲ್ಲರಿಗೂ. ಬಹುಮಾನ ಪದಕದ ಮುಖದ ಮೇಲೆ ವಿಲಿಯಂ ವಯನ್ ಕೊರೆದ ರಾಣಿ ವಿಕ್ಟೋರಿಯಾ ಮತ್ತು ಆಕೆಯ ಪತಿ ಆಲ್ಬರ್ಟ್ ಅವರ ಜೋಡಿ ತಲೆಗಳಿವೆ. ಅದನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ಪದಕ ಯಾರದ್ದೆಂದು ಹೇಳುವುದು ಅಂಚು. ಬಹುಮಾನ ಪದಕದ ಅಂಚಿನಲ್ಲಿ ಪಡೆದವರ ಹೆಸರನ್ನು, ಪ್ರದರ್ಶಕರ ಪದಕದ ಅಂಚಿನಲ್ಲಿ ದೇಶ, ವರ್ಗ ಮತ್ತು ಸಂಖ್ಯೆಯನ್ನು ಒತ್ತಿದ್ದಾರೆ. ಪ್ರದರ್ಶನದ ಅಧಿಕೃತ ಸೂಚಿ ಈಗ ಅಂತರ್ಜಾಲದಲ್ಲಿ ಓದಲು ಸಿಗುತ್ತದೆ. ಅಂಚಿನ ಸಂಖ್ಯೆ ಹಿಡಿದು ಅದರಲ್ಲಿ ಹುಡುಕಿದರೆ ಆ ಪದಕ ಬೀಗ ತಯಾರಿಸಿದವನದ್ದೋ, ಕಸೂತಿ ಹಾಕಿದವಳದ್ದೋ ಎಂದು ತಿಳಿಯುತ್ತದೆ. ಹೆಸರಿಲ್ಲದ ಲೋಹದ ತುಂಡೊಂದಕ್ಕೆ ಹೀಗೆ ಒಬ್ಬ ಮನುಷ್ಯ ಒದಗಿಬರುವ ಗಳಿಗೆಗಾಗಿಯೇ ನಾನು ಈ ಹವ್ಯಾಸವನ್ನು ಬಿಟ್ಟಿಲ್ಲ.

ಅಂಚಿನ ಮಾತು ಬಂದದ್ದರಿಂದ ನಿಮ್ಮ ಪ್ಯಾರಿಸ್ ಪದಕಕ್ಕೆ ಹೋಗೋಣ. ನೀವು ಮುಂದು ಹಿಂದು ಎರಡನ್ನೂ ಚೆನ್ನಾಗಿ ಫೋಟೊ ತೆಗೆದಿದ್ದೀರಿ, ಅಂಚನ್ನು ತೆಗೆದಿಲ್ಲ. ಬಹುತೇಕ ಎಲ್ಲರೂ ಹೀಗೆಯೇ ಮಾಡುತ್ತಾರೆ. ಚಿತ್ರದಿಂದ ಹೇಳಬಹುದಾದಷ್ಟು ಹೇಳುತ್ತೇನೆ: ಇದು 1900ರ ಪ್ಯಾರಿಸ್ ಮೇಳದ ಬಹುಮಾನ ಪದಕದ ವಿನ್ಯಾಸ, ಕಲಾವಿದ ಜೂಲ್ ಕ್ಲೆಮಾನ್ ಶಾಪ್ಲ್ಯಾನ್. ಒಂದು ಬದಿಯಲ್ಲಿ ಫ್ರಾನ್ಸ್ ಗಣರಾಜ್ಯವನ್ನು ಪ್ರತಿನಿಧಿಸುವ ಸ್ತ್ರೀಯ ಮುಖ, ಇನ್ನೊಂದರಲ್ಲಿ ರೆಕ್ಕೆಯ ವಿಜಯದೇವತೆ. ಪಡೆದವರ ಹೆಸರಿಗೆ ಒಂದು ಪಟ್ಟಿ. ವ್ಯಾಸ ಸುಮಾರು 63 ಮಿಲಿಮೀಟರ್ ಇರಬೇಕು, ಅಳೆದು ನೋಡಿ. ಆದರೆ ಇದು 1900ರ ಹೊತ್ತಿಗೇ ಒತ್ತಿದ್ದೋ, ಆಮೇಲೆ ಅದೇ ವಿನ್ಯಾಸದಲ್ಲಿ ಮತ್ತೆ ಒತ್ತಿದ್ದೋ ಎಂಬುದನ್ನು ಈ ಎರಡು ಮುಖಗಳು ಹೇಳಲಾರವು.

ಕಿಟಕಿಯ ಪಕ್ಕ ಕುಳಿತು, ಪದಕವನ್ನು ಮೆತ್ತನೆ ಬಟ್ಟೆಯ ಮೇಲೆ ಎರಡು ಬೆರಳುಗಳ ನಡುವೆ ನಿಲ್ಲಿಸಿ, ಬೆಳಕು ಓರೆಯಾಗಿ ಬೀಳುವಂತೆ ನಿಧಾನವಾಗಿ ತಿರುಗಿಸಿ. ಭೂತಗನ್ನಡಿ ಇರಲಿ. ಒಂದು ಕಡೆ ರೋಮನ್ ಲಿಪಿಯಲ್ಲಿ ಲೋಹದ ಹೆಸರು, ಕಂಚಾದರೆ ‘ಬ್ರಾಂಜ್’, ಬೆಳ್ಳಿಯಾದರೆ ‘ಅರ್ಜಾಂ’ (ARGENT), ಸಣ್ಣದಾಗಿ ಒತ್ತಿರುತ್ತದೆ. ಅದರ ಪಕ್ಕದಲ್ಲಿ ಅಕ್ಕಿಕಾಳಿನಷ್ಟೇ ಒಂದು ಗುರುತು. ಪ್ಯಾರಿಸ್ ಟಂಕಸಾಲೆ ಕಾಲಕಾಲಕ್ಕೆ ಈ ಗುರುತನ್ನು ಬದಲಿಸಿತು. 1832ರಿಂದ 1841ರವರೆಗೆ ಹಳೆಯ ಮಾದರಿಯ ದೀಪ. ಸ್ವಲ್ಪ ಕಾಲ ಲಂಗರು. 1842ರಿಂದ 1845ರವರೆಗೆ ಹಡಗಿನ ಮೂತಿ. 1845ರಿಂದ 1860ರವರೆಗೆ ಬೆರಳು ಚಾಚಿದ ಕೈ. 1860ರಿಂದ 1880ರ ಹೊತ್ತಿನವರೆಗೆ ಜೇನುನೊಣ. ಅಲ್ಲಿಂದೀಚೆಗೆ ಹಣ್ಣುಹೂ ತುಂಬಿದ ಸಮೃದ್ಧಿಯ ಕೊಂಬು. ಇದು ಎಷ್ಟು ಉಪಯೋಗದ್ದೆಂದರೆ, 1855ರ ಪ್ಯಾರಿಸ್ ಮೇಳದ ಪದಕ ಎಂದು ಯಾರಾದರೂ ತಂದರೆ ಅದರ ಮೇಲೆ ಕೈ ಇರಬೇಕು, 1867ರ ಮೇಳದ್ದಾದರೆ ಜೇನುನೊಣ. 1867 ಎಂದು ಬರೆದ ಪದಕದ ಅಂಚಿನಲ್ಲಿ ಕೊಂಬಿದ್ದರೆ ಅದು 1880ರ ನಂತರ ಟಂಕಸಾಲೆಯೇ ಹಳೆಯ ಅಚ್ಚಿನಿಂದ ಮತ್ತೆ ಒತ್ತಿದ್ದು. ಸುಳ್ಳು ವಸ್ತುವಲ್ಲ, ಆದರೆ ಮೇಳದ ಕಾಲದ್ದೂ ಅಲ್ಲ, ಬೆಲೆಯಲ್ಲಿ ಅಜಗಜಾಂತರ.

ನಿಮ್ಮದು 1900ರದ್ದಾದ್ದರಿಂದ ಕೊಂಬು ಇದ್ದೇ ಇರಬೇಕು. ಆದರೆ ಕೊಂಬಿನ ಪಕ್ಕದಲ್ಲಿ ಇಪ್ಪತ್ತನೆಯ ಶತಮಾನದ ಯಾವುದಾದರೂ ಇಸವಿ ಒತ್ತಿದ್ದರೆ ಅದು ಮರುಮುದ್ರಣ. ಹೆಸರಿನ ಪಟ್ಟಿಯಲ್ಲಿ ಏನಾದರೂ ಇದೆಯೇ ಎಂಬುದನ್ನೂ ನೋಡಿ ಬರೆಯಿರಿ, ಫೋಟೊದಲ್ಲಿ ಅಲ್ಲಿ ಬೆಳಕು ಪ್ರತಿಫಲಿಸಿ ಏನೂ ಕಾಣುತ್ತಿಲ್ಲ. ಹೆಸರಿದ್ದರೆ ಹುಡುಕಾಟಕ್ಕೆ ದಾರಿಯಾಗುತ್ತದೆ. ಅಂಚಿನಲ್ಲಿ ಯಾವ ಗುರುತೂ ಇಲ್ಲದೆ ಸುತ್ತ ಅರದಿಂದ ಉಜ್ಜಿದ ಗೆರೆಗಳಷ್ಟೇ ಕಂಡರೆ ಅನುಮಾನಪಡಬೇಕು, ಅದು ಎರಕದ ನಕಲಾಗಿರಬಹುದು. ಅಸಲಿ ಪದಕದಿಂದ ಪಡಿಯಚ್ಚು ತೆಗೆದು ಲೋಹ ಹೊಯ್ದರೆ, ಲೋಹ ಆರುವಾಗ ಕುಗ್ಗುವುದರಿಂದ ನಕಲು ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ವ್ಯಾಸ ಅಳೆಯುವ ಕ್ಯಾಲಿಪರ್ ಉಪಕರಣದಲ್ಲಿ ಅದು ಸಿಕ್ಕಿಬೀಳುತ್ತದೆ. ಅಕ್ಷರಗಳ ಅಂಚು ಸವೆದ ಸಾಬೂನಿನಂತೆ ಮೊಂಡಾಗಿರುತ್ತದೆ, ಚಿತ್ರ, ಅಕ್ಷರಗಳಿಲ್ಲದ ಬಯಲು ಭಾಗದಲ್ಲಿ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ. ಇನ್ನೊಂದು ಬಗೆಯ ನಕಲೂ ಇದೆ. ವಿದ್ಯುಲ್ಲೇಪನದಿಂದ ಎರಡು ತೆಳು ಚಿಪ್ಪುಗಳನ್ನು ಬೆಳೆಸಿ, ನಡುವೆ ಸೀಸ ತುಂಬಿ ಬೆಸೆಯುತ್ತಾರೆ. ಮುಖ ಅಚ್ಚುಕಟ್ಟಾಗಿಯೇ ಕಾಣುತ್ತದೆ, ಆದರೆ ಅಂಚಿನ ಸುತ್ತ ಬೆಸುಗೆಯ ಗೆರೆ ಉಳಿದಿರುತ್ತದೆ. ಎರಡರಲ್ಲೂ ಗುಟ್ಟು ಹೊರಬೀಳುವುದು ಅಂಚಿನಲ್ಲೇ.

ಎಳೆದ ತಾಮ್ರದ ನಾಣ್ಯ ನನಗೆ ಬಹಳ ಹಿಡಿಸಿತು. ಇಂಥ ನಾಣ್ಯಗಳ ಹುಟ್ಟು ಸಾಮಾನ್ಯವಾಗಿ ಕೊಲಂಬಿಯನ್ ಎಕ್ಸ್‌ಪೊಸಿಷನ್ ಎಂಬ ಹೆಸರಿನ 1893ರ ಶಿಕಾಗೊ ಮೇಳದಿಂದಲೇ ಎಂದು ಲೆಕ್ಕ. ನೋಡಲು ಬಂದವರ ಕಿಸೆಯ ಸೆಂಟ್ ನಾಣ್ಯವನ್ನು ಎರಡು ಉಕ್ಕಿನ ಉರುಳೆಗಳ ನಡುವೆ ತೂರಿಸುತ್ತಿದ್ದರು. ಒಂದು ಉರುಳೆಯ ಮೇಲೆ ಮೇಳದ ಹೆಸರು ಕೊರೆದಿರುತ್ತಿತ್ತು, ಇನ್ನೊಂದು ನುಣುಪು. ಒತ್ತಡಕ್ಕೆ ಸಿಕ್ಕಿ ನಾಣ್ಯ ಉದ್ದವಾಗಿ, ತೆಳ್ಳಗಾಗಿ ಆಚೆ ಬರುತ್ತಿತ್ತು. ನುಣುಪು ಉರುಳೆಯ ಕಡೆ ಇದ್ದ ಮೂಲ ಚಿತ್ರ ಪೂರ್ತಿ ಅಳಿಯುವುದಿಲ್ಲ, ಹಿಗ್ಗಿದ ನೆರಳಿನಂತೆ ಉಳಿಯುತ್ತದೆ. ಕಾಲವನ್ನು ಪರೀಕ್ಷಿಸಬೇಕಾದದ್ದು ಅಲ್ಲಿಯೇ. ನಿಮ್ಮ ಎರಡನೆಯ ಫೋಟೊದಲ್ಲಿ ಎಡಕ್ಕೆ ಬಾಗಿದ ಎಲೆಗಳ ಹಾರದ ತುಣುಕು, ನಡುವೆ ಹಿಗ್ಗಿದ ಎರಡು ಅಕ್ಷರ ಕಾಣುತ್ತವೆ. ರೆಡ್ ಇಂಡಿಯನ್ ತಲೆಯ ಹಳೆಯ ಸೆಂಟಿನ ಹಿಂಬದಿಯಲ್ಲಿ ಎಲೆಗಳ ಹಾರವಿತ್ತು, ಆ ನಾಣ್ಯವನ್ನು 1909ರವರೆಗೆ ಅಚ್ಚೊತ್ತುತ್ತಿದ್ದರು. ಅದೇ ವರ್ಷ ಬಂದ ಲಿಂಕನ್ ಸೆಂಟಿನ ಹಿಂದೆ ಎರಡು ಗೋಧಿ ತೆನೆಗಳು. ನೆರಳಿನಲ್ಲಿ ಗೋಧಿ ತೆನೆಯೋ ಲಿಂಕನ್ನರ ಗಡ್ಡವೋ ಕಂಡಿದ್ದರೆ ಇದು 1893ರದ್ದಾಗಲು ಸಾಧ್ಯವೇ ಇರಲಿಲ್ಲ. ನಿಮ್ಮದು ಆ ಪರೀಕ್ಷೆಯಲ್ಲಿ ಗೆದ್ದಿದೆ. ಇಷ್ಟರಿಂದಲೇ ಅಸಲಿ ಎಂದು ಸಾಬೀತಾಗುವುದಿಲ್ಲ, ಹಳೆಯ ಸೆಂಟನ್ನೇ ಹುಡುಕಿ ಆಮೇಲೆ ಉರುಳಿಸಿರಲೂಬಹುದು. ಆದರೂ ಅಕ್ಷರಗಳ ಶೈಲಿ, ಸವಕಳಿಯ ರೀತಿ ಎರಡೂ ಆ ಕಾಲಕ್ಕೆ ಹೊಂದುತ್ತವೆ. ಜೋಪಾನವಾಗಿಡಿ.

ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಯಾವುದಾದರೂ ಒಂದೇ ಮೇಳವನ್ನು ಆರಿಸಿಕೊಳ್ಳಿ. ಲಂಡನ್, ವಿಯೆನ್ನಾ, ಮೆಲ್ಬರ್ನ್, ಒಸಾಕಾ ಎಂದು ಕಂಡದ್ದನ್ನೆಲ್ಲ ಕೊಳ್ಳುತ್ತ ಹೋದವರ ಪೆಟ್ಟಿಗೆ ತುಂಬುತ್ತದೆ, ತಿಳಿವಳಿಕೆ ತುಂಬುವುದಿಲ್ಲ. ಒಂದು ಮೇಳದ ನಕ್ಷೆ, ಕಟ್ಟಡ, ದಿನಾಂಕ, ತಯಾರಕರು ಎಲ್ಲ ಬಾಯಿಪಾಠವಾದರೆ ಯಾವ ವ್ಯಾಪಾರಿಯೂ ನಿಮಗೆ ಟೋಪಿ ಹಾಕಲಾರ. ನಿಮ್ಮ ಕೈಗೆ ಬಂದ ನಾಣ್ಯವೇ ದಾರಿ ತೋರಿಸುತ್ತಿದೆ, ನನ್ನ ಸಲಹೆಯೂ ಅದೇ: ಶಿಕಾಗೊ 1893. ಇದಕ್ಕೆ ಸಂಬಂಧಿಸಿದ ಬಿಲ್ಲೆಗಳು ನೂರಾರು ಬಗೆ, ಸಾಮಾನ್ಯವಾದವು ಕೈಗೆಟುಕುವ ಬೆಲೆಗೆ ಸಿಗುತ್ತವೆ, ಪ್ರತಿಯೊಂದರ ಬಗ್ಗೆಯೂ ಓದಲು ಸಾಮಗ್ರಿಯಿದೆ.

ಕೊಲಂಬಸ್ ಅಮೆರಿಕ ತಲುಪಿ 400 ವರ್ಷವಾದ ನೆನಪಿಗೆ ಯೋಜಿಸಿದ ಮೇಳ ಅದು. 1892ರ ಅಕ್ಟೋಬರ್‌ನಲ್ಲಿ ಕಟ್ಟಡಗಳ ಸಮರ್ಪಣೆಯಾಯಿತು, ಬಾಗಿಲು ತೆರೆದದ್ದು 1893ರ ಮೇ 1ಕ್ಕೆ, ಮುಚ್ಚಿದ್ದು ಅಕ್ಟೋಬರ್ 30ಕ್ಕೆ. ಹಾಗಾಗಿ 1892 ಎಂದೋ 1892–93 ಎಂದೋ ಬರೆದ ಬಿಲ್ಲೆ ಸಿಕ್ಕರೆ ಇಸವಿ ತಪ್ಪೆಂದು ಬಿಸುಡಬೇಡಿ. ಸುಮಾರು 2 ಕೋಟಿ 70 ಲಕ್ಷ ಭೇಟಿಗಳು ದಾಖಲಾದವು, ಅಷ್ಟೂ ಜನರ ಕೈಗೆ ಏನಾದರೊಂದು ನೆನಪಿನ ವಸ್ತು ಮಾರಲು ವ್ಯಾಪಾರಿಗಳು ತುದಿಗಾಲಲ್ಲಿ ನಿಂತಿದ್ದರು. ಅಲ್ಯೂಮಿನಿಯಂ ಬಿಲ್ಲೆಗಳನ್ನು ಮೊದಲು ಹುಡುಕಿ. ಇಂದು ನಮಗೆ ಅದು ಪಾತ್ರೆಯ ಲೋಹ. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ವಿಧಾನವನ್ನು ಕಂಡುಹಿಡಿಯುವವರೆಗೆ ಅದು ದುಬಾರಿ ಅಪರೂಪದ ವಸ್ತುವಾಗಿತ್ತು. ಶಿಕಾಗೊದಲ್ಲಿ ಹಗುರ ಬಿಲ್ಲೆಯೊಂದನ್ನು ಅಂಗೈಯಲ್ಲಿಟ್ಟುಕೊಂಡ ರೈತ ಹೊಸ ಯುಗದ ಲೋಹವನ್ನೇ ಮೊದಲ ಬಾರಿಗೆ ಮುಟ್ಟುತ್ತಿದ್ದಿರಬೇಕು. ಇದರಿಂದ ಇನ್ನೊಂದು ಪಾಠವೂ ಸಿಗುತ್ತದೆ: 1851ರ ಹೆಸರು ಹೊತ್ತ ಅಲ್ಯೂಮಿನಿಯಂ ಬಿಲ್ಲೆ ಯಾರಾದರೂ ತೋರಿಸಿದರೆ ಅದು ಆ ಕಾಲದ್ದಲ್ಲ ಎಂದು ಕಣ್ಣುಮುಚ್ಚಿ ಹೇಳಬಹುದು.

ಈ ಮೇಳದಲ್ಲಿ ನಿಲ್ಲಿಸಿದ್ದ, ಜನ ಕೂತು ಸುತ್ತುವ ದೈತ್ಯ ಫೆರಿಸ್ ಚಕ್ರದ ಚಿತ್ರವಿರುವ ಬಿಲ್ಲೆಗಳನ್ನು ಎಲ್ಲರೂ ಬಯಸುತ್ತಾರೆ. 264 ಅಡಿ ಎತ್ತರ, 36 ಬೋಗಿಗಳು, ಒಂದೊಂದರಲ್ಲಿ 60 ಜನರಿಗೆ ಜಾಗ. ಆದರೆ ಎಚ್ಚರ, ಅದೇ ಚಕ್ರವನ್ನು ಬಿಚ್ಚಿ 1904ರ ಸೇಂಟ್ ಲೂಯಿಸ್ ಮೇಳಕ್ಕೂ ಒಯ್ದಿದ್ದರು. 1906ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಇಸವಿಯಿಲ್ಲದ ಚಕ್ರದ ಬಿಲ್ಲೆ ಎರಡರಲ್ಲಿ ಯಾವ ಮೇಳದ್ದೂ ಆಗಿರಬಹುದು.

ಮೇಳಕ್ಕಾಗಿಯೇ ಅಮೆರಿಕ ಸರ್ಕಾರ ಹೊರಡಿಸಿದ ಕೊಲಂಬಿಯನ್ ಅರ್ಧ ಡಾಲರ್ ಬೆಳ್ಳಿ ನಾಣ್ಯ, ಪದಕವಲ್ಲ. ಆದರೂ ಶುರು ಮಾಡಲು ಅದಕ್ಕಿಂತ ಒಳ್ಳೆಯದು ಇಲ್ಲ. ಆ ದೇಶದ ಮೊದಲ ಸ್ಮರಣ ನಾಣ್ಯ ಅದು. ಅರ್ಧ ಡಾಲರಿನದನ್ನು ಒಂದು ಡಾಲರಿಗೆ ಮಾರಿದರು. ಮೊಟ್ಟಮೊದಲ ನಾಣ್ಯಕ್ಕೆ ರೆಮಿಂಗ್ಟನ್ ಬೆರಳಚ್ಚು ಯಂತ್ರದ ಕಂಪನಿಯವರು 10,000 ಡಾಲರ್ ಕೊಟ್ಟರು. ಕೊನೆಗೆ ಮಾರಾಟವಾಗದೆ ಉಳಿದವು ಮುಖಬೆಲೆಗೇ ಚಲಾವಣೆಗೆ ಬಿದ್ದವು. ಹೀಗಾಗಿ ಸವೆದ ನಾಣ್ಯಗಳು ಈಗಲೂ ಯಥೇಚ್ಛ. ತೂಕ 12.5 ಗ್ರಾಂ, ವ್ಯಾಸ 30.6 ಮಿಲಿಮೀಟರ್, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿಯೇ ಕೊಳ್ಳಿ. ಬೆಳ್ಳಿ ಡಾಲರ್ ಗಾತ್ರದ ಪದಕಗಳನ್ನು ಮಾರುವವರು ‘ಎಚ್‌ಕೆ’ ಎಂದು ಒಂದು ಸಂಖ್ಯೆ ಕೊಡುತ್ತಾರೆ. ಅದು ಹಿಬ್ಲರ್ ಮತ್ತು ಕ್ಯಾಪನ್ 1963ರಲ್ಲಿ ಮಾಡಿದ ಪಟ್ಟಿಯ ಕ್ರಮಸಂಖ್ಯೆ; ಬೆಲೆ ಹೋಲಿಸಿ ನೋಡಲು ಅನುಕೂಲ.

ಇದೇ ಮೇಳದ ಬಹುಮಾನ ಪದಕ ಎಂದಾದರೂ ಕಣ್ಣಿಗೆ ಬಿದ್ದರೆ ಕೊಳ್ಳಲಾಗದಿದ್ದರೂ ಕೈಯಲ್ಲಿ ಹಿಡಿದು ನೋಡಿ. 76 ಮಿಲಿಮೀಟರಿನ ಕಂಚು. ಮುಂಬದಿಯಲ್ಲಿ ದಡಕ್ಕೆ ಕಾಲಿಡುವ ಕೊಲಂಬಸ್; ಶಿಲ್ಪಿ ಅಗಸ್ಟಸ್ ಸೇಂಟ್-ಗೌಡೆನ್ಸ್. ಹಿಂಬದಿಗೂ ಅವರು ದೀಪ ಹಿಡಿದ ಬತ್ತಲೆ ಹುಡುಗನೊಬ್ಬನನ್ನು ರೂಪಿಸಿದ್ದರು. ಅಧಿಕಾರಸ್ಥರು ಅಶ್ಲೀಲವೆಂದು ತಳ್ಳಿಹಾಕಿ, ಟಂಕಸಾಲೆಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಅವರಿಂದ ಬೇರೆ ಹಿಂಬದಿ ಮಾಡಿಸಿದರು. ಪದಕವನ್ನು ಮುಂದಿನಿಂದ ಹಿಂದಕ್ಕೆ ತಿರುಗಿಸಿದರೆ ಎರಡು ಕೈಗಳ ಕೆಲಸ ಎಂಬುದು ಕಣ್ಣಿಗೆ ರಾಚುತ್ತದೆ. ಮೊದಲಿನದರಲ್ಲಿ ಜೀವ ತುಳುಕುತ್ತದೆ, ಎರಡನೆಯದು ಸರ್ಕಾರಿ ಪ್ರಮಾಣಪತ್ರ. ಈ ಜಗಳದ ನಡುವೆ ಪದಕಗಳು ವಿಜೇತರ ಕೈ ಸೇರಿದ್ದು 1896ರಲ್ಲಿ. 23 ಸಾವಿರಕ್ಕೂ ಹೆಚ್ಚು ಪದಕಗಳು, ಎಲ್ಲ ಒಂದೇ ದರ್ಜೆ, ಎಲ್ಲ ಕಂಚು. ಪಡೆದವರ ಹೆಸರು ಹಿಂಬದಿಯಲ್ಲಿ ಉಬ್ಬಕ್ಷರದಲ್ಲಿ, ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ. ಆದ್ದರಿಂದ ‘ಶಿಕಾಗೊ ಮೇಳದ ಚಿನ್ನದ ಪದಕ’ ಎಂದು ಯಾರಾದರೂ ಮಾರಲು ಬಂದರೆ ಮುಂದಿನ ಮಾತೇ ಬೇಡ.

ಕನ್ನಡಿಗರಿಗೆ ಈ ಮೇಳ ದೂರದ್ದಲ್ಲ. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಇದೇ ಮೇಳದ ಅಂಗವಾಗಿ ಸೆಪ್ಟೆಂಬರ್ 11ರಿಂದ 27ರವರೆಗೆ, ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಇರುವ ಕಟ್ಟಡದಲ್ಲಿ ನಡೆಯಿತು. ಅವರ ಪಯಣಕ್ಕೆ ಒತ್ತಾಸೆಯಾದವರಲ್ಲಿ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರೂ ಒಬ್ಬರು. 1894ರಲ್ಲಿ ಸ್ವಾಮೀಜಿ ಶಿಕಾಗೊದಿಂದ ಅವರಿಗೆ ಬರೆದ ಪತ್ರ ಪ್ರಸಿದ್ಧ. ಈ ಭಕ್ತಿಯನ್ನೇ ಬಂಡವಾಳ ಮಾಡಿಕೊಳ್ಳುವವರೂ ಇದ್ದಾರೆ ಎಂದು ಹೇಳಲು ನೋವಾಗುತ್ತದೆ. ಸ್ವಾಮೀಜಿಯವರ ಚಿತ್ರವಿರುವ ‘1893ರ ಪದಕ’ ಕಂಡರೆ ಅದು ನಂತರದ ಸ್ಮರಣಿಕೆ ಎಂದೇ ತಿಳಿಯಿರಿ. ಸೆಪ್ಟೆಂಬರ್ 11ರವರೆಗೆ ಆ ಊರಿನಲ್ಲಿ ಅವರ ಹೆಸರನ್ನೇ ಹೆಚ್ಚಿನವರು ಕೇಳಿರಲಿಲ್ಲ, ಮೇಳವೇ ಮುಂದಿನ ತಿಂಗಳ ಕೊನೆಗೆ ಮುಗಿಯಿತು. ಗೌರವದಿಂದ ಮನೆಯಲ್ಲಿಡಿ, ಆದರೆ ಹಳೆಯ ಪದಕದ ಬೆಲೆ ಕೊಡಬೇಡಿ.

ನಮ್ಮ ದೇಶದ ಕಡೆಗೇ ವಾಲುವ ಮನಸ್ಸಿದ್ದರೆ 1883ರ ಡಿಸೆಂಬರ್‌ನಲ್ಲಿ ಆರಂಭವಾದ ಕಲ್ಕತ್ತಾ ಅಂತರರಾಷ್ಟ್ರೀಯ ಪ್ರದರ್ಶನದ ಪದಕಗಳು, 1886ರ ಲಂಡನ್ನಿನ ಕಲೋನಿಯಲ್ ಅಂಡ್ ಇಂಡಿಯನ್ ಪ್ರದರ್ಶನದ ಪದಕಗಳು, 1924–25ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಬ್ರಿಟಿಷ್ ಸಾಮ್ರಾಜ್ಯ ಪ್ರದರ್ಶನದ ಸಿಂಹದ ಗುರುತಿನ ಬಿಲ್ಲೆಗಳು ಇವೆ. ಇವೆಲ್ಲಕ್ಕಿಂತ ಹತ್ತಿರದ್ದು ನಮ್ಮದೇ ಮೈಸೂರು ದಸರಾ ವಸ್ತುಪ್ರದರ್ಶನದ ಬಹುಮಾನ ಪದಕ. ಅದು ವಿಶ್ವ ಮೇಳವಲ್ಲ, ಆದರೆ ಅದೇ ಚಿಂತನೆಯ ಕುಡಿ. ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಇಂಥ ಪದಕಗಳು ಇನ್ನೂ ಇರಬಹುದು. ಸಿಕ್ಕರೆ ಕೊಟ್ಟವರಿಂದ ಆ ಪದಕ ಯಾರಿಗೆ, ಯಾವ ವಸ್ತುವಿಗೆ ಬಂತು ಎಂದು ಕೇಳಿ ಆಗಲೇ ಬರೆದಿಟ್ಟುಕೊಳ್ಳಿ. ನಿಮ್ಮ ಈ ಮೂರು ವಸ್ತುಗಳು ಬಂದ ಮನೆಯವರನ್ನೂ ಈಗಲೇ ಹೋಗಿ ಮಾತಾಡಿಸಿ. ಅವರ ಹಿರಿಯರಲ್ಲಿ ವಿದೇಶಕ್ಕೆ ಹೋಗಿದ್ದವರು ಯಾರಾದರೂ ಇದ್ದರೇ? ಸಾಮಾನು ಚೆದುರಿದ ಮೇಲೆ ಆ ಮಾಹಿತಿ ಎಲ್ಲಿಯೂ ಸಿಗುವುದಿಲ್ಲ.

ಇಡುವ ವಿಧಾನಕ್ಕೆ ಬರುತ್ತೇನೆ. ಧಾರವಾಡದ ಮಳೆಗಾಲದ ತೇವ ಲೋಹಕ್ಕೆ ಶತ್ರು. ಅಂಗಡಿಗಳಲ್ಲಿ ಸಿಗುವ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲ ಅದಕ್ಕಿಂತ ದೊಡ್ಡ ಶತ್ರು, ಕೆಲವು ವರ್ಷಗಳಲ್ಲಿ ಅದು ಬೆವರಿ ನಾಣ್ಯಕ್ಕೆ ಹಸಿರು ಅಂಟು ಹಿಡಿಸುತ್ತದೆ. ಪಾಲಿಯೆಸ್ಟರ್ ಹಾಳೆಯ ಚೀಲ ಅಥವಾ ಗಟ್ಟಿ ಅಕ್ರಿಲಿಕ್ ಡಬ್ಬಿ ತರಿಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಅದನ್ನು ಆಗಾಗ ಬದಲಿಸಿ. ರಬ್ಬರ್ ಬ್ಯಾಂಡ್, ಪತ್ರಿಕೆಯ ಕಾಗದ ಬೇಡ. ಬೆಳ್ಳಿಯನ್ನು ಅವು ಕಪ್ಪಾಗಿಸುತ್ತವೆ. ಕಂಚಿನ ಮೇಲೆ ತಿಳಿ ಹಸಿರು ಪುಡಿಯಂಥ ಕಿಲುಬು ಚುಕ್ಕೆ ಕಂಡು, ಒರೆಸಿದ ಮೇಲೆ ಮತ್ತೆ ಅಲ್ಲಿಯೇ ಮೂಡಿದರೆ ಆ ಪದಕವನ್ನು ಉಳಿದವುಗಳಿಂದ ಬೇರ್ಪಡಿಸಿ, ವಸ್ತುಸಂಗ್ರಹಾಲಯದ ಸಂರಕ್ಷಣಾ ತಜ್ಞರನ್ನು ಕಾಣಿ. ಅದು ಮೇಲಿನ ಕೊಳೆಯಲ್ಲ, ಲೋಹದ ಒಳಗಿನ ರೋಗ. ಉಳಿದಂತೆ ಮೆತ್ತನೆಯ ಕುಂಚದಿಂದ ಧೂಳು ತೆಗೆಯುವುದಷ್ಟೇ ನಿಮ್ಮ ಕೆಲಸ. ಪದಕವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಿರಿ. ಬೆರಳಿನ ಬೆವರು ಮುಖದ ಮೇಲೆ ಒಮ್ಮೆ ಕೂತರೆ ಗುರುತು ಶಾಶ್ವತ.

ಕೊನೆಯದಾಗಿ ಮಗನ ಸಲಹೆ. ಪದಕವನ್ನು ಸದ್ಯಕ್ಕೆ ಎಲ್ಲಿಗೂ ಕಳಿಸಬೇಡಿ. ನಮ್ಮ ದೇಶದ 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ 100 ವರ್ಷಕ್ಕೆ ಕಡಿಮೆಯಿಲ್ಲದ, ಐತಿಹಾಸಿಕ ಮಹತ್ವದ ವಸ್ತು ಪುರಾತನ ವಸ್ತುವಾಗುತ್ತದೆ. ಅದನ್ನು ಖಾಸಗಿ ವ್ಯಕ್ತಿ ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಪದಕ ತಯಾರಾದದ್ದು ಫ್ರಾನ್ಸಿನಲ್ಲಿ, ನಮಗೇನು ಎಂದು ವಾದಿಸಿ ಕೊರಿಯರ್ ಮಾಡಿದರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳುವವರು ನೀವೇ. ಒಂದು ವಸ್ತು ಪುರಾತನವೋ ಅಲ್ಲವೋ ಎಂಬ ಪ್ರಶ್ನೆ ಬಂದಾಗ ಅಂತಿಮ ತೀರ್ಮಾನ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರದ್ದು. ಅಂಚಿನಲ್ಲಿ ಇತ್ತೀಚಿನ ಇಸವಿ ಇದ್ದು ಅದು ಮರುಮುದ್ರಣವೆಂದು ಗೊತ್ತಾದರೆ ಆ ಇಲಾಖೆಯಿಂದ ಪುರಾತನವಲ್ಲವೆಂಬ ಪ್ರಮಾಣಪತ್ರ ಪಡೆದು ಕಳಿಸಬಹುದು, ಆದರೆ ಮರುಮುದ್ರಣಕ್ಕೆ ಮಗ ಹೇಳಿದ ಬೆಲೆ ಬರುವುದಿಲ್ಲ. ಇಸವಿಯಿಲ್ಲದಿದ್ದರೆ ನಿಮ್ಮ ಬಳಿಯೇ ಇಟ್ಟುಕೊಳ್ಳಿ, ಮಾರಲೇಬೇಕೆಂದರೆ ದೇಶದೊಳಗಿನ ಹರಾಜಿನಲ್ಲಿ ಮಾರಿ. ಅಂಚಿನ ಫೋಟೊ ತೆಗೆಯುವಾಗ ಫ್ಲ್ಯಾಶ್ ಹಾಕಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ, ಲೋಹದ ಹೆಸರಿರುವ ಭಾಗ ನಡುವೆ ಬರುವಂತೆ ತೆಗೆದು, ಜೊತೆಗೆ ವ್ಯಾಸ ಮತ್ತು ತೂಕ ಬರೆದು ಕಳಿಸಿ.